ಕತ್ತೆಕಿವಿ ಬೇಕೆಂದವರು

ನಮ್ಮ ಪುರಸಭೆಯ ಹಿತ್ತಲಿನ ನಲ್ಲಿಯ ಕೆಳಗೆ ಇಟ್ಟಿದ್ದ, ಹಿಡಿ ಮುರಿದ ನೀಲಿ ಪ್ಲಾಸ್ಟಿಕ್ ಬಕೆಟ್ಟು ಕಾಣೆಯಾದ ಸಂಗತಿಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಈ ಊರಿಗೆ ಎರಡು ಸಲ ಪ್ಲೇಗು ಬಂದು ಹೋಗಿದೆ, ಒಂದು ಸಲ ಮಂತ್ರಿಗಳು ಬಂದು ಹೋಗಿದ್ದಾರೆ. ಎರಡರಿಂದಲೂ ಊರು ಹೆಚ್ಚೇನೂ ಬದಲಾಗಲಿಲ್ಲ. ಮುಂದೆ ಯಾರಾದರೂ ಪುಣ್ಯಾತ್ಮರು ಇಲ್ಲಿಯ ಚರಿತ್ರೆ ಬರೆಯಲು ಕುಳಿತರೆ, ಬಕೆಟ್ಟಿಗೆ ಹಿಂದೆ, ಬಕೆಟ್ಟಿನ ನಂತರ ಎಂದು ಎರಡು ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಬಕೆಟ್ಟು ನನ್ನ ಸುಪರ್ದಿನಲ್ಲಿತ್ತು. ಕದ್ದವಳು ಬೆಸ್ತರ ಕೇರಿಯ ಮುದ್ದಕ್ಕ. ಹಾಡಹಗಲಲ್ಲಿ, ನನ್ನ ಕಣ್ಣೆದುರಿಗೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎತ್ತಿಕೊಂಡು ಹೊರಟಳು. "ಅಕ್ಕಾ, ಅದು ಸರಕಾರದ್ದು" ಎಂದೆ. "ಸರಕಾರ ಸ್ನಾನ ಮಾಡೋದ ನಾ ಎಂದೂ ಕಂಡಿಲ್ಲ ಕಣಪ್ಪ" ಎಂದಳು.

ನಾನು ಪುರಸಭೆಯ ಜಲಕಳೆ ಗುಮಾಸ್ತ. ಇಂಥದೊಂದು ಹುದ್ದೆ ಬೇರೆ ಊರುಗಳಲ್ಲಿ ಇದೆಯೋ ಇಲ್ಲವೋ ನನಗೆ ತಿಳಿಯದು. ನಮ್ಮ ಕೆರೆಯನ್ನು ಕತ್ತೆಕಿವಿ ಸೊಪ್ಪು ಮುಚ್ಚಿ ಒಂಬತ್ತು ವರ್ಷವಾಯಿತು. ದುಂಡಗೆ ದಪ್ಪನೆಯ ಎಲೆ, ಎಲೆಯ ತೊಟ್ಟಿನಲ್ಲಿ ಗಾಳಿ ತುಂಬಿದ ಬುರುಡೆ, ನೀರೊಳಗೆ ಕಪ್ಪು ಕುಚ್ಚಿನಂಥ ಬೇರು. ಒಂದು ಗಿಡ ಪಕ್ಕಕ್ಕೆ ಬಿಳಲು ಚಾಚುತ್ತದೆ, ಬಿಳಲ ತುದಿಯಲ್ಲಿ ಮರಿಗಿಡ ಕೂರುತ್ತದೆ, ಮರಿ ತನ್ನದೊಂದು ಬಿಳಲು ಚಾಚುತ್ತದೆ. ಹನ್ನೆರಡು ದಿನಕ್ಕೆ ಒಂದಿದ್ದದ್ದು ಎರಡು. ವರ್ಗವಾಗಿ ಹೋಗುತ್ತಿದ್ದ ಯಾರೋ ದೊಡ್ಡ ಮನುಷ್ಯರು ತಮ್ಮ ತೊಟ್ಟಿಯಲ್ಲಿದ್ದ ಒಂದೇ ಒಂದು ಗಿಡವನ್ನು ಕೊಲ್ಲಲು ಮನಸ್ಸು ಬಾರದೆ ಕೆರೆಗೆ ಬಿಟ್ಟರಂತೆ. ಕರುಣೆ ಎಂಬುದು ಇಷ್ಟು ಎಕರೆ ಹಬ್ಬಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಮೊದಲ ವರ್ಷ ಪುರಸಭೆಯವರು ಜೆಸಿಬಿ ತರಿಸಿದರು. ಮೂರು ದಿನ ಎತ್ತಿದರು. ನಲವತ್ತು ಲಾರಿ ಸೊಪ್ಪನ್ನು ಊರಾಚೆಯ ಕಲ್ಲುಕ್ವಾರಿಗೆ ಸುರಿದರು. ನಾಲ್ಕನೆಯ ಬೆಳಿಗ್ಗೆ ಕ್ವಾರಿ ಖಾಲಿ, ಕೆರೆ ಭರ್ತಿ. ಸೊಪ್ಪಿನ ನಡುವೆ ಒಂದು ಲಾರಿಯ ಟಾರ್ಪಾಲು ಕೂಡ ತೇಲುತ್ತಿತ್ತು. ಬೇಡವೆಂದು ಎಸೆದದ್ದು ಕೆರೆಗೆ ವಾಪಸು ಹೋಗುತ್ತದೆ. ಯಾರಾದರೂ ಬೇಕೆಂದು ಇಟ್ಟುಕೊಂಡದ್ದು ಮಾತ್ರ ಉಳಿಯುತ್ತದೆ. ಹೋಗುವುದನ್ನು ಕಂಡವರಿಲ್ಲ. ನಿಮ್ಮ ಮನಸ್ಸಿನಲ್ಲಿ ಬೇಕು ಎನ್ನುವುದು ಮುಗಿದು, ನೀವು ಒಮ್ಮೆ ಬೆನ್ನು ತಿರುಗಿಸಿದರೆ ಸಾಕು, ಹೋಗಿರುತ್ತದೆ. ಇದನ್ನು ಮೊದಲು ಗುರುತಿಸಿದವರು ಜುಲೇಖಾಬಿ. ಅವರ ಎಮ್ಮೆಗೆ ಬೇಸಿಗೆಯಲ್ಲಿ ತಂಪಾಗಿ ಮಲಗಲು ಹಾಸಿದ್ದ ಎರಡು ಮಂಕರಿ ಸೊಪ್ಪು ಹಾಗೆಯೇ ಇತ್ತು. "ನನ್ನ ಎಮ್ಮೆಗೆ ಬೇಕು ಸಾಬ್, ಅದಕ್ಕೆ ಇದೆ. ನಿಮ್ಮ ಚೇರ್ಮನ್‌ಗೆ ಬೇಡ, ಅದಕ್ಕೆ ಹೋಯ್ತು. ಇದರಲ್ಲಿ ಏನಿದೆ?" ಎಂದು ಅವರು ಪುರಸಭೆಯ ಸಭೆಗೇ ಬಂದು ಹೇಳಿದರು.

ಆಮೇಲೆ ನನ್ನ ಹುದ್ದೆ ಹುಟ್ಟಿತು. ಬೇಕು ಎನ್ನುವವರನ್ನು ಹುಡುಕುವುದು, ಮಾರನೆಯ ದಿನ ಅವರ ಮನೆಗೆ ಹೋಗಿ ಸೊಪ್ಪು ಇದೆಯೋ ಇಲ್ಲವೋ ನೋಡಿ ಬರುವುದು. ಮನುಷ್ಯರನ್ನು ಇಷ್ಟು ಹತ್ತಿರದಿಂದ ನೋಡುವ ಕೆಲಸ ಪೊಲೀಸರಿಗೂ ಇಲ್ಲ. ನಿವೃತ್ತ ಮೇಷ್ಟ್ರು ಅಚ್ಯುತರಾಯರು ಪೌರಧರ್ಮವೆಂದು ದಿನಕ್ಕೊಂದು ಬುಟ್ಟಿ ಒಯ್ದರು, ದಿನವೂ ಬುಟ್ಟಿ ಬರಿದಾಯಿತು. ಧರ್ಮಕ್ಕೂ ಆಸೆಗೂ ವ್ಯತ್ಯಾಸವಿದೆ ಎಂದು ಅವರು ಎಪ್ಪತ್ತನೆಯ ವಯಸ್ಸಿನಲ್ಲಿ ಒಪ್ಪಿಕೊಂಡರು. ಕೌನ್ಸಿಲರೊಬ್ಬರು ಮೈಕಿನ ಮುಂದೆ ಗಿಡವನ್ನು ತಬ್ಬಿಕೊಂಡು "ಇದು ನನ್ನ ಮಗು" ಎಂದು ಭಾಷಣ ಮಾಡಿ, ಚಪ್ಪಾಳೆಗೆ ಕೈ ಮುಗಿಯುವಷ್ಟರಲ್ಲಿ ಮಗು ತೋಳಿನಲ್ಲಿರಲಿಲ್ಲ. ಊರಿನಲ್ಲಿ ಬೇಕು ಎಂಬ ಮಾತಿಗೆ ತೂಕ ಬಂತು. ಕಾಫಿ ಬೇಕೇ ಎಂದು ಕೇಳಿದರೆ ಜನ ಮೊದಲು ತಮ್ಮೊಳಗೆ ಇಳಿದು ನೋಡಿಕೊಂಡು, ಆಮೇಲೆ ಉತ್ತರ ಹೇಳುತ್ತಿದ್ದರು. ಕೃಷಿ ಕಾಲೇಜಿನವರು ಸೊಪ್ಪು ತಿನ್ನುವ ಸೊಂಡಿಲ ಹುಳುಗಳನ್ನು ತಂದು ಬಿಟ್ಟರು. ಹುಳು ತಿಂದದ್ದು ತಿಂದದ್ದೇ, ಒಂದೆಲೆಯೂ ವಾಪಸು ಬರಲಿಲ್ಲ. ಊರಿಗೆಲ್ಲ ನಿಷ್ಕಪಟಿಗಳೆಂದರೆ ಅವೇ. ಆದರೆ ಅವುಗಳ ಬಾಯಿ ಸಣ್ಣದು, ಕೆರೆ ದೊಡ್ಡದು.

ಮುದ್ದಕ್ಕ ಹರಿಗೋಲಿನವಳು. ಏರಿಯಿಂದ ಆಚೆ ದಡದ ಹುಣಸೆಮರದವರೆಗೆ ಜನರನ್ನು ದಾಟಿಸುತ್ತ, ದಾಟಿಸುತ್ತಲೇ ಬಲೆ ಬಿಡುತ್ತ ಬದುಕಿದವಳು. ಕತ್ತೆಕಿವಿ ಮುಚ್ಚಿದ ಮೇಲೆ ನೀರೊಳಗೆ ಬಿಸಿಲಿಳಿಯಲಿಲ್ಲ, ಉಸಿರಿಲ್ಲದೆ ಗೆಂಡೆ ಮೀನು ಸತ್ತವು, ಕೊರವ ಮೀನು ಸತ್ತವು, ಯಾವುದಕ್ಕೂ ಸಾಯದ ಜಿಲೇಬಿ ಮೀನು ಕೂಡ ಬಾಯಿ ಬಾಯಿ ಬಿಟ್ಟು ಮೇಲೆ ಬಂದವು. ಹರಿಗೋಲು ಏರಿಯ ಮೇಲೆ ಬೋರಲು ಬಿತ್ತು. ಆದರೂ ವರ್ಷಕ್ಕೊಮ್ಮೆ ಅದಕ್ಕೆ ಟಾರು ಬಳಿಯುವುದನ್ನು ಅವಳು ನಿಲ್ಲಿಸಿರಲಿಲ್ಲ. ದಿನಾ ಬೆಳಿಗ್ಗೆ ಮೊಣಕಾಲು ನೀರಿಗಿಳಿದು ಸೊಪ್ಪು ಕೀಳುತ್ತಿದ್ದಳು. ಊರಿನಲ್ಲಿ ಅವಳಷ್ಟು ಕಿತ್ತವರಿಲ್ಲ. ಅವಳು ಕಿತ್ತದ್ದರಷ್ಟು ನಿಷ್ಠೆಯಿಂದ ವಾಪಸು ಹೋದದ್ದೂ ಇನ್ನೊಂದಿಲ್ಲ. ಕೀಳುವಾಗ ಅವಳು ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಹೀಗಿರುವಾಗ ಮೇಲಿನಿಂದ ಕಾಗದ ಬಂತು. ಅಂದಿಗೆ ಇಪ್ಪತ್ತನೆಯ ದಿನ, ಗುರುವಾರ, ಅಧಿಕಾರಿಯೊಬ್ಬರು ಸ್ಥಳ ಪರೀಕ್ಷೆಗೆ ಬರುತ್ತಾರೆ. ಏರಿಯ ಮೇಲೆ ನಿಂತರೆ ಆಚೆ ದಡದವರೆಗೆ ನೀರು ಬರಿಗಣ್ಣಿಗೆ ಕಾಣಬೇಕು. ಕಾಣದಿದ್ದಲ್ಲಿ ಅದು ಕೆರೆಯಲ್ಲ. ಮಣ್ಣು ತುಂಬಿಸಿ ಬಸ್ ನಿಲ್ದಾಣ ಕಟ್ಟಲಾಗುವುದು. ಮುಖ್ಯಾಧಿಕಾರಿ ವೀರಭದ್ರಯ್ಯನವರು ಕಾಗದವನ್ನು ಎರಡು ಸಲ ಓದಿ, "ನ್ಯಾಯವೇ ಅಲ್ಲವೇನ್ರೀ? ನೀರು ಕಾಣದಿದ್ದ ಮೇಲೆ ಕೆರೆ ಅಂತ ಹೆಂಗೆ ಅನ್ನೋದು?" ಎಂದರು. ನಾನು ಏರಿಗೆ ಹೋಗಿ ಮುದ್ದಕ್ಕನಿಗೆ ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಸೊಪ್ಪನ್ನು ಕೆಳಗೆ ಹಾಕಿದಳು.

"ಅಂಗಾರೆ ನಾ ಎಲ್ಲಿಗೋಗ್ಲಿ? ಬಸ್ಸಿಗೆ ಹುಟ್ಟು ಆಕ್ಲಾ?"

"ನೀ ಇಷ್ಟು ದಿನ ಬೈಕೊಂಡು ಕಿತ್ತೆ ಅಕ್ಕ. ಬೇಕು ಅನ್ನಬೇಕು, ಆಗ ಉಳೀತದೆ."

"ಸವತೀನ ಬೇಕು ಅನ್ನು ಅಂತೀಯಲ್ಲೋ! ಗಂಡನ ತಿಂದ್ಲು, ಮೀನ ತಿಂದ್ಲು, ಇನ್ನು ನಾ ಆರತಿ ಎತ್ಲಾ?" ಅವಳ ಗಂಡ ತೀರಿಕೊಂಡದ್ದು ಕಾಮಾಲೆಯಿಂದ. ಆದರೆ ಆ ವಿಷಯ ಎತ್ತುವ ಸಮಯ ಅದಾಗಿರಲಿಲ್ಲ.

ಮಾರನೆಯ ದಿನವೇ ಅವಳು ಬಕೆಟ್ಟನ್ನು ಹೊತ್ತೊಯ್ದದ್ದು. ವಸೂಲಿಗೆಂದು ನಾನು ಅವಳ ಮನೆಗೆ ಹೋದಾಗ ಅದರಲ್ಲಿ ಕೆರೆನೀರು ತುಂಬಿ ಒಂದು ಗಿಡ ಬಿಟ್ಟುಕೊಂಡು, ಎದುರಿಗೆ ಕುಕ್ಕುರುಗಾಲಲ್ಲಿ ಕುಳಿತಿದ್ದಳು. "ಒಂಬತ್ತು ವರ್ಸ ಜಗಳ ಆಡಿವ್ನಿ, ಮುಖ ನೆಟ್ಟಗೆ ನೋಡಿಲ್ಲ. ಇವಳ ಗುಟ್ಟೇನು ಅಂತ ನೋಡಾನ ಅಂತ" ಎಂದಳು. ಮೊದಲ ದಿನ ಗಿಡ ಹೋಯಿತು. ಎರಡನೆಯ ದಿನ ಇನ್ನೊಂದು ತಂದಳು, ಹೋಯಿತು. ಮೂರನೆಯದೂ ಹೋಯಿತು. ನಾಲ್ಕನೆಯ ಬೆಳಿಗ್ಗೆ ನಾನು ಹೋದಾಗ ಗಿಡ ಇತ್ತು. ಮುದ್ದಕ್ಕ ನನಗಿಂತ ಹೆಚ್ಚು ಗಾಬರಿಯಾಗಿದ್ದಳು. "ನಾ ಬೇಕು ಅನ್ನಲಿಲ್ಲ ಕಣಪ್ಪ, ನಮ್ಮಪ್ಪನಾಣೆ! ಬೇರೊಳಗೆ ಏನೋ ಅರಿದಾಡ್ತಿತ್ತು, ಅದೇನು ಅಂತ ನೋಡಬೇಕು ಅನ್ನಿಸ್ತು, ಅಷ್ಟೇಯ."

ನಾವಿಬ್ಬರೂ ಬಗ್ಗಿ ನೋಡಿದೆವು. ಕಪ್ಪು ಕುಚ್ಚಿನ ಎಳೆ ಎಳೆಯಲ್ಲೂ ಸಾಸಿವೆಯಂಥ ಬಸವನಹುಳುಗಳು, ಕೂದಲಿನಂಥ ಸೀಗಡಿಗಳು, ಒಂದು ಎಳೆಗೆ ಅಂಟಿಕೊಂಡ ಎಂಟೋ ಹತ್ತೋ ಮೀನಿನ ಮೊಟ್ಟೆ. ಮುದ್ದಕ್ಕ ಮೊಟ್ಟೆಯ ಮುಂದೆ ಕೈ ಮುಗಿದಳೋ, ಕೈಯ ನೀರು ಒರೆಸಿಕೊಂಡಳೋ ನನಗೆ ಸ್ಪಷ್ಟವಾಗಲಿಲ್ಲ. ನೋಡಬೇಕು ಎನ್ನುವುದೂ ಬೇಕು ಎನ್ನುವುದೇ ಎಂದು ಕಡತಕ್ಕೆ ಬರೆದುಕೊಂಡು ನಾನು ಕಚೇರಿಗೆ ಬಂದೆ. ಬಕೆಟ್ಟನ್ನು ಕೇಳಲಿಲ್ಲ.

ಆಮೇಲೆ ಅವಳನ್ನು ತಡೆಯುವವರಿರಲಿಲ್ಲ. ಇನ್ನೊಂದು ಗಿಡ ತಂದು ಮಣ್ಣಿನ ಮಡಕೆಯಲ್ಲಿ ಬಾವಿಯ ತಿಳಿನೀರಿಗೆ ಬಿಟ್ಟಳು. ಬಕೆಟ್ಟಿನದು ದಪ್ಪಗೆ, ಹಸುರಾಗಿ, ಬಿಳಲು ಚಾಚಿ ಮರಿ ಹಾಕಿತು. ಮಡಕೆಯದು ಹಳದಿಗೆ ತಿರುಗಿ, ಎಲೆ ಸಣ್ಣದಾಗಿ, ಬೇರನ್ನು ಮೊಳದುದ್ದ ಇಳಿಬಿಟ್ಟು ಏನನ್ನೋ ಹುಡುಕುತ್ತ ನಿಂತಿತು. ಮುದ್ದಕ್ಕ ಅಕ್ಷರ ಕಲಿತವಳಲ್ಲ. ಆದರೂ ಎರಡೂ ಪಾತ್ರೆಗಳನ್ನು ಹೊರಿಸಿಕೊಂಡು ನೇರವಾಗಿ ಮುಖ್ಯಾಧಿಕಾರಿಯ ಮೇಜಿನ ಮೇಲೆ ಇಡಿಸಿದಳು. "ನೋಡಿ ಬುದ್ಧಿ, ನಿಮ್ಮ ಚರಂಡಿ ನೀರು ಉಂಡದ್ದು ಇದು. ಚೊಕ್ಕ ನೀರು ಕುಡುದದ್ದು ಇದು. ಊರಿನ ಕಕ್ಕಸೆಲ್ಲಾ ಕೆರೆಗೆ ಬುಟ್ಟು, ಸೊಪ್ಪು ಯಾಕೆ ಬೆಳೀತು ಅಂತ ಕಾಗದ ಬರೀತೀರಲ್ಲ!" ವೀರಭದ್ರಯ್ಯನವರು ಮೂಗು ಮುಚ್ಚಿಕೊಂಡು, ಚರಂಡಿ ತಿರುಗಿಸುವುದು ಮುಂದಿನ ವರ್ಷದ ಯೋಜನೆಯಲ್ಲಿದೆ ಎಂದರು. ಆದರೆ ಮಡಕೆಯ ಬೇರನ್ನು ಬಹಳ ಹೊತ್ತು ನೋಡುತ್ತಿದ್ದರು. ಅವಳು ಹೊರಟಾಗ, "ಅದೊಂದು ಇಲ್ಲೇ ಇರಲಿ ಬಿಡವ್ವ" ಎಂದರು.

ಬೆಸ್ತರ ಕೇರಿಗೆ ಜನ ಬರತೊಡಗಿದರು. ಬಂದವರು ಬಕೆಟ್ಟಿನೊಳಗೆ ಇಣುಕಿ, ತಮಗೂ ಒಂದು ಬೇಕು ಎಂದರು. ಅಚ್ಯುತರಾಯರು ಭೂತಗನ್ನಡಿ ತಂದರು; ಅವರ ಮನೆಯ ತಪ್ಪಲೆಯಲ್ಲಿ ಈ ಸಲ ಗಿಡ ನಿಂತಿತು, ಮೇಷ್ಟ್ರ ಕಣ್ಣಲ್ಲಿ ನೀರು ನಿಂತಿತು. ಹದಿನೈದು ದಿನವಾಗುವಾಗ ಏರಿಯ ಬುಡದಿಂದ ಕೆರೆಯ ಅರ್ಧದವರೆಗೆ ಹರಿಗೋಲಿನಷ್ಟು ಅಗಲದ ನೀರಿನ ದಾರಿ ಬಿಟ್ಟಿತ್ತು. ಬಕೆಟ್ಟಿನ ಗಿಡ ಒಂದು ದಿಂಡು ಎತ್ತಿ ಹೂ ಬಿಟ್ಟಿತು. ಒಂದೂವರೆ ದಿನ ನಿಂತು ಬಾಡಿತು. ಬಾಡಿದ ಮೇಲೆ ದಿಂಡು ಮೆಲ್ಲಗೆ ತಲೆ ಬಾಗಿಸಿ ನೀರೊಳಕ್ಕೆ ಮುಳುಗಿದ್ದನ್ನು ಕಂಡವಳು ಮುದ್ದಕ್ಕ ಒಬ್ಬಳೇ. "ಬೀಜ ಬಚ್ಚಿಡ್ತಾಳೆ ಕಳ್ಳಿ" ಎಂದು ನನಗೆ ಹೇಳಿದಳು. ಬೈಗುಳವೇನೋ ಹಳೆಯದೇ, ದನಿ ಹಳೆಯದಾಗಿರಲಿಲ್ಲ. ಕೆಸರಲ್ಲಿ ಬಿದ್ದ ಆ ಬೀಜ ಇಪ್ಪತ್ತು ವರ್ಷ ಕಾಯಬಲ್ಲದು ಎಂದು ಕೃಷಿ ಕಾಲೇಜಿನ ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. "ಇಪ್ಪತ್ತು ವರ್ಸ! ನಮ್ಮೋರು ಇಪ್ಪತ್ತು ದಿನ ಕಾಯಾಕಿಲ್ಲ" ಎಂದಳು.

ಬುಧವಾರ ಬೆಳಿಗ್ಗೆ, ಅಧಿಕಾರಿ ಬರುವುದಕ್ಕೆ ಒಂದು ದಿನ ಇರುವಾಗ, ಕೆರೆ ಪೂರಾ ಹೂ ಬಿಟ್ಟಿತು.

ಅಲ್ಲೊಂದು ಇಲ್ಲೊಂದು ಹೂವನ್ನು ನಾವು ಈ ಒಂಬತ್ತು ವರ್ಷ ಕಂಡಿದ್ದೆವು. ಇದು ಹಾಗಲ್ಲ. ಏರಿಯ ಬುಡದಿಂದ ಹುಣಸೆಮರದವರೆಗೆ ಎಳೆಬದನೆಯ ಬಣ್ಣದ ದಿಂಡುಗಳು ಎದ್ದು ನಿಂತಿದ್ದವು. ಪ್ರತಿ ಹೂವಿನ ಮೇಲಿನ ಎಸಳಿನಲ್ಲಿ ನವಿಲುಗರಿಯ ಕಣ್ಣು, ಕಣ್ಣಿನ ನಡುವೆ ಅರಿಶಿನದ ಬೊಟ್ಟು. ಗಾಳಿ ಬಂದಾಗ ಲಕ್ಷಾಂತರ ಕಣ್ಣುಗಳು ಒಟ್ಟಿಗೆ ನಮ್ಮ ಕಡೆ ತಿರುಗಿದವು. ಹಾಲಿನವನು ಹಾಲು ಇಳಿಸಿ ನಿಂತ. ಬಸ್ಸಿನವನು ಬಸ್ಸು ನಿಲ್ಲಿಸಿದ, ಒಳಗಿನವರು ಇಳಿದರು, ಯಾರೂ ಹೊರಡೆಂದು ಕೂಗಲಿಲ್ಲ. ವೀರಭದ್ರಯ್ಯನವರು ಬನಿಯನ್ನಿನಲ್ಲೇ ಬಂದಿದ್ದರು. ನಾನು ಓದಿದ ಪುಸ್ತಕಗಳಲ್ಲಿ ಇದಕ್ಕೆ ಒಪ್ಪುವ ಒಂದು ಮಾತಾದರೂ ಇರಬೇಕೆಂದು ಹುಡುಕಿದೆ, ಸಿಗಲಿಲ್ಲ. ಸಾವಿರಾರು ಜನ ನಿಂತಿದ್ದ ಆ ಏರಿಯ ಮೇಲೆ ದುಂಬಿಗಳು ಗುಂಯ್‌ಗುಡುತ್ತಿದ್ದವು.

ಅಷ್ಟರಲ್ಲಿ ಜುಲೇಖಾಬಿ ಕೂಗಿದರು. "ಅರೇ, ದಾರಿ ಎಲ್ಲಿ? ದಾರಿ ಎಲ್ಲಿ ಹೋಯ್ತು?"

ಅರ್ಧ ಕೆರೆಯವರೆಗೆ ಬಿಡಿಸಿದ್ದ ದಾರಿ ಮುಚ್ಚಿಹೋಗಿತ್ತು. ನಾನು ಓಡಿ ನಾಲ್ಕು ಮನೆ ನೋಡಿ ಬಂದೆ. ತಪ್ಪಲೆ, ಕೊಳಗ, ಹಂಡೆ ಎಲ್ಲ ಖಾಲಿ. ಊರಿಗೆ ಊರೇ ಏರಿಯ ಮೇಲೆ ನಿಂತು, ಮನಸಾರೆ, ಸ್ವಲ್ಪವೂ ಸುಳ್ಳಿಲ್ಲದೆ, ಸೊಪ್ಪು ಅಲ್ಲೇ ಇರಲಿ ಎಂದು ಬಯಸಿತ್ತು. ಕೆರೆ ಅದನ್ನು ನಡೆಸಿಕೊಟ್ಟಿತ್ತು. ಇಂಥ ತಪ್ಪು ನಮ್ಮೂರಿನವರು ಮಾತ್ರ ಮಾಡಬಲ್ಲರು.

ಮುದ್ದಕ್ಕ ಕವುಚಿದ ಹರಿಗೋಲಿನ ಮೇಲೆ ಕುಳಿತಿದ್ದಳು. ಅವಳೂ ಹೂವನ್ನೇ ನೋಡುತ್ತಿದ್ದಳು. "ಅಕ್ಕ, ನಾಳೆ ಗುರುವಾರ" ಎಂದೆ. "ಗೊತ್ತು ಕಣಪ್ಪ. ಒಸಿ ತಡಿ. ಇಂಥದ್ದು ಮತ್ತೆ ಕಂಡೇನಾ?" ಎಂದು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಅವಳ ಬದುಕು ಹೂವಿನ ಕೆಳಗೆ ಮುಳುಗಿತ್ತು, ಅವಳಿಗೆ ಅದು ಗೊತ್ತಿತ್ತು, ಆದರೂ ನೋಡಿದಳು.

ಮೊದಲು ಕೈ ಹಾಕಿದವಳು ಒಬ್ಬ ಮದುವಣಗಿತ್ತಿ. ಒಂದು ದಿಂಡು ಕಿತ್ತು ಮುಡಿದಳು. ಏರಿ ಇಳಿಯುವಷ್ಟರಲ್ಲಿ ಹೂ ಒದ್ದೆ ಬಟ್ಟೆಯಂತೆ ಮುದುಡಿ ಜಡೆಗೆ ಅಂಟಿಕೊಂಡಿತು. ಹುಡುಗಿ ಅಳುಮೋರೆ ಮಾಡಿದಳು. ಮುದ್ದಕ್ಕ ತಟ್ಟನೆ ಎದ್ದಳು.

"ಕಿತ್ರೆ ಬಾಡ್ತದೆ ಕಣವ್ವ! ಬೇರು ಸಮೇತ ತಕ್ಕೋ, ನೀರಾಗ್ ಮಡಗು, ನಾಳೆ ಮಧ್ಯಾನ್ದ ಗಂಟ ಅರಳಿರ್ತದೆ. ಇಲ್ಲಿ ಬಾಯಿ ಬುಟ್ಟುಕೊಂಡು ನಿಂತ್ರೆ ಏನು ಬಂತು? ದೇವರ ಮುಂದೆ ಬ್ಯಾಡ್ವಾ? ಒಸಲಿಗೆ ಬ್ಯಾಡ್ವಾ? ತೊಟ್ಲ ಪಕ್ಕದಾಗ ಬ್ಯಾಡ್ವಾ?"

ಜನ ತಮ್ಮೊಳಗೆ ಇಳಿದು ನೋಡಿಕೊಂಡರು. ಬೇಕಾಗಿತ್ತು. ಆಮೇಲೆ ನಡೆದದ್ದನ್ನು ನಾನು ಹೇಗೆ ಬರೆಯಲಿ! ಬಿಂದಿಗೆ, ಕೊಪ್ಪರಿಗೆ, ಮಗುವಿನ ಸ್ನಾನದ ತೊಟ್ಟಿ, ಹೋಟೆಲಿನ ಇಡ್ಲಿ ಪಾತ್ರೆ, ಮಸೀದಿಯ ಮುಂದಿನ ನೀರಿನ ಹೌಜು, ಆಸ್ಪತ್ರೆಯ ಮುಂದಿನ ಕಾರಂಜಿ, ಪೊಲೀಸ್ ಠಾಣೆಯ ಕುಡಿಯುವ ನೀರಿನ ಡ್ರಮ್ಮು. ಅಂಗಡಿಯವರು ಬಾಗಿಲು ಹಾಕಿ ಬಂದರು. ಬಸ್ಸಿನವರು ಊರಿಗೆ ಒಯ್ಯುತ್ತೇವೆಂದು ಪಾತ್ರೆ ಸಾಲ ಕೇಳಿದರು. ಎಲ್ಲರಿಗೂ ಬೇಕಾಗಿತ್ತು, ಒಬ್ಬರ ಬೇಕೂ ಸುಳ್ಳಾಗಿರಲಿಲ್ಲ. ಸಂಜೆಯ ಹೊತ್ತಿಗೆ ಕೆರೆಯ ನಡುವೆ, ಈ ದಡದಿಂದ ಆ ದಡಕ್ಕೆ, ಎತ್ತಿನ ಗಾಡಿ ಹೋಗುವಷ್ಟು ಅಗಲ ನೀರು ಬಿಟ್ಟಿತ್ತು. ಅದರೊಳಗೆ ಆಕಾಶವಿತ್ತು. ಎಂಟು ವರ್ಷದೊಳಗಿನ ಮಕ್ಕಳು ಅದುವರೆಗೆ ಕೆರೆಯಲ್ಲಿ ಆಕಾಶ ಕಂಡಿರಲಿಲ್ಲ; ಒಂದು ಹುಡುಗಿ, ಕೆಳಗೆ ಬಿದ್ದುಬಿಟ್ಟೇನೆಂದು ಅಮ್ಮನ ಸೀರೆ ಹಿಡಿದುಕೊಂಡಳು.

ಗುರುವಾರ ಹನ್ನೊಂದಕ್ಕೆ ಬರಬೇಕಾದ ಅಧಿಕಾರಿ ಹನ್ನೊಂದಕ್ಕೆ ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ದಾರಿಯಲ್ಲಿ ಊಟಕ್ಕೆ ಕುಳಿತಿದ್ದಾರೆ ಎಂದು ಫೋನು ಬಂತು. ಒಂದೂವರೆಗೆ ಊರಿನಲ್ಲಿ ಹೂ ಬಾಡತೊಡಗಿತು. ಬಾಡಿದ ಹೂ ಯಾರಿಗೆ ಬೇಕು? ನಾನು ಏರಿಯ ಮೇಲೆ ನಿಂತು ನೋಡುತ್ತಿದ್ದೆ. ನೀರಿನ ಮೇಲೆ ಅಲ್ಲೊಂದು ಹಸಿರು ಚುಕ್ಕೆ, ಇಲ್ಲೊಂದು ಚುಕ್ಕೆ. ಕಣ್ಣು ಮಿಟುಕಿಸಿದರೆ ಹತ್ತು. ಕರವಸ್ತ್ರದಿಂದ ಮುಖ ಒರೆಸಿ ಮತ್ತೆ ನೋಡಿದರೆ ಎತ್ತಿನ ಗಾಡಿಯ ಅಗಲ ಕೈಗಾಡಿಯ ಅಗಲವಾಗಿತ್ತು. ಹರಿಗೋಲನ್ನು ನೀರಿಗಿಳಿಸಿ ಕಾಯುತ್ತಿದ್ದ ಮುದ್ದಕ್ಕ ನನ್ನ ಮುಖ ನೋಡಿದಳು. ಹರಿಗೋಲನ್ನು ಅಲ್ಲೇ ಬಿಟ್ಟು, ಎರಡೂ ಕೈಯಲ್ಲಿ ಸೀರೆ ಎತ್ತಿಕೊಂಡು, ಊರೊಳಕ್ಕೆ ಓಡಿದಳು. ಅರವತ್ತು ದಾಟಿದ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ನಾನೂ ಹಿಂದೆ ಓಡಿದೆ.

"ಲೇ, ಬೆನ್ನು ತಿರುಗಿಸಬ್ಯಾಡಿ! ಕತೆ ಈಗ ಸುರುವಾಗೋದು!" ಬೀದಿ ಬೀದಿಯಲ್ಲಿ ಬಾಗಿಲು ಬಡಿದಳು. "ಹೂವ ನೋಡಿದ್ರಿ, ಬಸುರು ನೋಡಾಕಿಲ್ವಾ? ಈಗ ತಲೆ ಬಗ್ಗಿಸ್ತಾಳೆ, ಬಗ್ಗಿಸಿ ನೀರೊಳಕ್ಕೆ ಬೀಜ ಬಚ್ಚಿಡ್ತಾಳೆ. ಯಾರೂ ನೋಡಿಲ್ಲ ಇದ, ಇಡೀ ಊರಾಗೆ ನಾನೊಬ್ಳೇ ನೋಡಿರೋದು!"

"ಅದೇನಕ್ಕ ಅಂಥಾದ್ದು?" ಎಂದು ಜಗುಲಿಯ ಮೇಲಿನ ದರ್ಜಿ ಕೇಳಿದ.

"ಯೋಳಾಕಿಲ್ಲ. ಕುಂತು ನೋಡ್ಕೋ."

ಅವಳು ಹೇಳಲಿಲ್ಲವೆಂದೇ ಅವನು ಕುಳಿತ. ಅವನು ಕುಳಿತನೆಂದು ಪಕ್ಕದವರು ಕುಳಿತರು. ಅಚ್ಯುತರಾಯರು ಭೂತಗನ್ನಡಿ ಹಿಡಿದು ಕುಳಿತರು, ಜುಲೇಖಾಬಿ ಎಮ್ಮೆಯ ಪಕ್ಕ ಹೌಜಿನ ಕಟ್ಟೆಗೆ ಒರಗಿ ಕುಳಿತರು, ವೀರಭದ್ರಯ್ಯನವರು ಕಚೇರಿಯಲ್ಲಿ ಕುರ್ಚಿಯನ್ನು ಮಡಕೆಯ ಕಡೆಗೆ ತಿರುಗಿಸಿಕೊಂಡರು. ಮೂರು ಗಂಟೆಗೆ ದಿಂಡುಗಳು ಬಾಗತೊಡಗಿದವು. ಅಷ್ಟು ನಿಧಾನ, ನೋಡಿದರೆ ಕದಲುವುದಿಲ್ಲ, ನೋಡುತ್ತಲೇ ಇದ್ದರೆ ಕದಲಿರುತ್ತದೆ. ಮಾತು ನಿಂತಿತು. ರೇಡಿಯೋ ನಿಂತಿತು. ನಾನು ಆ ಮಧ್ಯಾಹ್ನ ಊರಿನ ನಾಲ್ಕು ಬೀದಿ ನಡೆದೆ. ಪ್ರತಿ ಬಾಗಿಲಲ್ಲೂ ಒಂದು ಪಾತ್ರೆ, ಪಾತ್ರೆಯ ಸುತ್ತ ಬಗ್ಗಿದ ತಲೆಗಳು, ಪಾತ್ರೆಯೊಳಗೆ ಬಗ್ಗುತ್ತಿರುವ ಇನ್ನೊಂದು ತಲೆ. ಬರಿಯ ನೋಡಬೇಕೆಂಬ ಆಸೆ ಒಂದು ಊರನ್ನು ಹೀಗೆ ಹಿಡಿದು ಕೂರಿಸಬಹುದೆಂದು ನನಗೆ ಯಾವ ಗ್ರಂಥವೂ ಹೇಳಿರಲಿಲ್ಲ.

ಅಧಿಕಾರಿ ಬಂದಾಗ ನಾಲ್ಕೂ ಮುಕ್ಕಾಲು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಕಡತ. ಜೀಪಿನಿಂದ ಇಳಿದು ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ಯಾರಾದ್ರೂ ದೊಡ್ಡವರು ತೀರಿಕೊಂಡರೇನ್ರಿ?"

"ಇಲ್ಲ ಸಾರ್. ನೋಡ್ತಾ ಇದಾರೆ."

"ಏನನ್ನ?"

"ಸೊಪ್ಪನ್ನ ಸಾರ್."

ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಏರಿ ಹತ್ತಿದರು. ನೀರು ಕೈಗಾಡಿಯ ಅಗಲಕ್ಕೇ ನಿಂತಿತ್ತು, ಒಂದು ಗೇಣೂ ಕಿರಿದಾಗಿರಲಿಲ್ಲ. ಏರಿಯಿಂದ ಹುಣಸೆಮರದವರೆಗೆ ನೇರವಾಗಿ, ಇಳಿಬಿಸಿಲಿಗೆ ಹೊಳೆಯುತ್ತ ಇತ್ತು. ಅದರ ನಟ್ಟನಡುವೆ ಮುದ್ದಕ್ಕ ಹುಟ್ಟು ಹಾಕುತ್ತ, ಹರಿಗೋಲನ್ನು ತಿರುಗಿಸುತ್ತ ತಿರುಗಿಸುತ್ತ, ಆಚೆ ದಡಕ್ಕೆ ಹೋಗುತ್ತಿದ್ದಳು. ಹರಿಗೋಲಿನ ಹಿಂದೆ ಒಂದು ಮೀನು ಎಗರಿತು. ಅಧಿಕಾರಿ ಕಡತದ ದಾರ ಬಿಚ್ಚುವುದನ್ನು ಮರೆತು ನಿಂತಿದ್ದರು. "ಎಷ್ಟು ಆಳ ಇರಬಹುದು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದಿಂದ ಯಾರೂ ಕೇಳಿರಲಿಲ್ಲ.

ಐದು ಗಂಟೆ ಹತ್ತು ನಿಮಿಷಕ್ಕೆ ಅವರು ಕೆರೆ ಇದೆ ಎಂದು ಬರೆದು ಸಹಿ ಹಾಕಿದರು. ಭಾನುವಾರದ ಹೊತ್ತಿಗೆ ಅರ್ಧದಷ್ಟು ಸೊಪ್ಪು ಕೆರೆಗೆ ವಾಪಸು ಬಂತು, ಇನ್ನರ್ಧ ಮನೆಗಳಲ್ಲೇ ಉಳಿಯಿತು. ಚರಂಡಿ ತಿರುಗಿಸುವ ಆದೇಶಕ್ಕೆ ವೀರಭದ್ರಯ್ಯನವರು ಆ ತಿಂಗಳೇ ರುಜು ಮಾಡಿದರು. ಕೆಲಸ ಮುಕ್ಕಾಲು ಮುಗಿದಿದೆ. ಬಸ್ ನಿಲ್ದಾಣವನ್ನು ಬೇರೆ ಊರಿಗೆ ಕೊಟ್ಟರು.